ತಲೆಗೆ ನಾಲ್ಕು ಲೀಟರ್

ಸಾಲಿಗ್ರಾಮದ ಗಣಪಯ್ಯ ಹೊಳ್ಳರ ತಲೆ ಹೆಸರಿಗೆ ತಕ್ಕಂತೆ ಹೊಳೆಯುತ್ತಿತ್ತು. ಮೂವತ್ತು ದಾಟುವಾಗಲೇ ಕೂದಲೆಲ್ಲ ಒಂದೊಂದಾಗಿ ರಾಜೀನಾಮೆ ಕೊಟ್ಟು ಹೋಗಿದ್ದವು. ಅದನ್ನು ಅವರು ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದೇ ಇದ್ದದ್ದು ಪಕ್ಕದ ಮನೆಯ ಗೌರೀಶ ಐತಾಳರ ತಲೆ.

ಐತಾಳರಿಗೂ ಹೊಳ್ಳರಷ್ಟೇ ವಯಸ್ಸು. ಆದರೆ ತಲೆ ತುಂಬ ಕೂದಲು, ಕಾಗೆಯೂ ನಾಚುವ ಕಪ್ಪು. ಮೊನ್ನೆ ಎರಡೂ ಮನೆಯವರು ಒಟ್ಟಿಗೆ ಮರವಂತೆಯಲ್ಲಿ ಕಾರು ನಿಲ್ಲಿಸಿ ಇಳಿದಿದ್ದರು. ಗಾಳಿಗೆ ಹೊಳ್ಳರ ಟವೆಲು ಹಾರಿ ಸಮುದ್ರಕ್ಕೆ ಬಿತ್ತು. ಐತಾಳರ ಕೂದಲು ಮಾತ್ರ ಒಂದೆಳೆಯೂ ಅಲ್ಲಾಡಲಿಲ್ಲ. "ಕೂದ್ಲ್ ಅಂದ್ರೆ ಕೂದ್ಲ್! ಎಷ್ಟ್ ಶಿಸ್ತ್ ಕಾಣಿ!" ಎಂದು ಹೆಂಡತಿ ಸುಗುಣಾ ಉದ್ಗರಿಸಿದ್ದು ಹೊಳ್ಳರ ಎದೆಯಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಆದರೆ ಸೇಡಿನ ದಿನ ಬಂದಿತ್ತು. ಊರಿನ ರೈತ ಸಂಘಕ್ಕೆ ಕರೆಂಟಿನ ಎಣ್ಣೆಗಾಣವೊಂದು ಬಂದಿದ್ದು, ಅದನ್ನು ಯಾರ ಅಂಗಳದಲ್ಲಿ ಇಡುವುದೆಂದು ಸಂಜೆಯ ಸಭೆಯಲ್ಲಿ ತೀರ್ಮಾನ. ನಿಯಮ ಸುಲಭ: ಬೆಳೆದ ಎಣ್ಣೆಯಲ್ಲಿ ಬಳಸಿದ್ದನ್ನು ಕಳೆದು, ಯಾರ ಮನೆಯಲ್ಲಿ ಹೆಚ್ಚು ಮಿಗುತ್ತದೋ ಅವರಿಗೆ ಗಾಣ. ಹೊಳ್ಳರಿಗೆ ದೊಡ್ಡ ತೆಂಗಿನ ತೋಟ, ಗದ್ದೆ ತುಂಬ ನೆಲಗಡಲೆ. ಐತಾಳರದ್ದು ಬೆರಳಲ್ಲಿ ಎಣಿಸುವಷ್ಟು ಮರ. ಗಾಣ ತನಗೇ ಎಂದು ಹೊಳ್ಳರು ಸಿಮೆಂಟಿನ ಕಟ್ಟೆಯನ್ನೂ ಕಟ್ಟಿಸಿಯಾಗಿತ್ತು. ಅದೂ ಎಲ್ಲಿ? ಐತಾಳರ ಮಲಗುವ ಕೋಣೆಯ ಕಿಟಕಿಯ ನೇರಕ್ಕೆ. ಬೆಳಗಾಗುವುದರೊಳಗೆ ಗಾಣ ಗರ್ರ್ ಎನ್ನಬೇಕು, ಐತಾಳ ಎದ್ದು ಕೂರಬೇಕು, ಹೊಟ್ಟೆ ಉರಿದು ನಾಲ್ಕು ಕೂದಲಾದರೂ ಉದುರಬೇಕು.

ಬೆಳಿಗ್ಗೆ ಸಂಘದ ಕಡೆಯಿಂದ ಮನೆಮನೆಯ ಎಣ್ಣೆಯ ಲೆಕ್ಕ ಬರೆದುಕೊಳ್ಳಲು ಟ್ಯಾಬ್ ಹಿಡಿದುಕೊಂಡು ಬಂದವಳು ಶಿರೂರಿನ ಹುಡುಗಿ ಅಕ್ಷಯಾ. ಜಗಲಿಯಲ್ಲಿ ಕೂತು ನೀರು ಬೆಲ್ಲ ಮುಗಿಸಿ ಶುರು ಮಾಡಿದಳು.

"ಮೂರ್ ತಾಲೂಕೂ ತಿರ್ಗಿ ಬಂದೆ ಹೊಳ್ರೆ. ಬೈಂದೂರ್ ಬದಿ ನೆಲಗಡ್ಲಿ ಮಿಗ್ತ್, ಕುಂದಾಪ್ರ ಬದಿ ಕೊಬ್ರಿ ಮಿಗ್ತ್. ಈ ಟ್ಯಾಬಲ್ಲ್ ಕಾಣಿ, ನಿಮ್ಮ್ ಬ್ರಹ್ಮಾವರ ತಾಲೂಕಿನ್ ಗೆರಿ ಮಾತ್ರ ಕೆಳ್ಗ್ ಕೆಳ್ಗೇ ಹೋತಾ ಇತ್ತ್."

"ನನ್ನ್ ಮನಿ ಲೆಕ್ಕ ಬರ್ಕೊ ಹೆಣೆ. ಗೆರಿ ಮಾಡಿನ್ ಹಂಚಿಗ್ ಹೋಯಿ ತಾಗ್ತ್!" ಎಂದರು ಹೊಳ್ಳರು, ಪಾಗಾರದ ಗೋಡೆಯಾಚೆ ಐತಾಳರಿಗೂ ಕೇಳುವ ಹಾಗೆ.

ಕಾಯಿ, ಕೊಬ್ಬರಿ, ನೆಲಗಡಲೆ ಎಲ್ಲ ಸೇರಿ ವರ್ಷಕ್ಕೆ ನೂರಾ ಎಂಬತ್ತು ಲೀಟರ್ ಎಣ್ಣೆ ಎಂದು ಟ್ಯಾಬ್ ಹೇಳಿತು. ಹೊಳ್ಳರ ಮುಖ ಈಗ ತಲೆಗೆ ಸಮಾನವಾಗಿ ಹೊಳೆಯಿತು.

"ಕಡೀದ್ ಒಂದ್ ಪ್ರಶ್ನಿ. ತಲೆಗೆ ತಿಂಗ್ಳಿಗೆ ಎಷ್ಟ್ ಎಣ್ಣಿ?"

ಅವಳು ಕೇಳಿದ್ದು, ಒಗ್ಗರಣೆ, ಹಪ್ಪಳ, ದೇವರ ದೀಪ ಎಲ್ಲ ಸೇರಿ ಒಬ್ಬೊಬ್ಬರಿಗೆ ಎಷ್ಟು ಬೀಳುತ್ತದೆ ಎಂದು. ಹೊಳ್ಳರ ಕೈ ಮಾತ್ರ ತಾನಾಗಿ ನೆತ್ತಿಗೆ ಹೋಯಿತು. ಅದೇ ಹೊತ್ತಿಗೆ ಪಾಗಾರದಾಚೆ ಐತಾಳರು ಕಿಸೆಯಿಂದ ಬಾಚಣಿಗೆ ತೆಗೆದರು. ಒಳಗಿಂದ ಸುಗುಣಾ, "ಆ ಪ್ರಶ್ನಿ ನಮ್ಮನಿಲ್ ಎಂತಕ್ಕೆ ಹೆಣೆ? ಆಚಿ ಮನಿಲ್ ಕೇಣ್," ಎಂದು ನಕ್ಕಳು.

"ನಾಕ್ ಲೀಟರ್!" ಎಂದು ಹೊಳ್ಳರು ಗುಡುಗಿದರು.

"ತಲೆಗಾ?"

"ತಲೆಗೇ! ಮತ್ತೆಂತ ಕಾಲಿಗಾ?"

"ಮನೇಲಿ ಎಷ್ಟ್ ತಲೆ?"

"ನನ್ನ್ ಹೆತ್ತಬ್ಬಿ, ನಾನ್, ಇವ್ಳ್, ಇಬ್ರ್ ಹೆಣ್ಮಕ್ಳ್. ಐದ್."

ಟ್ಯಾಬ್ ಗುಣಿಸಿಕೊಂಡು ಕೀಂ ಎಂದಿತು. ಅಕ್ಷಯಾ ಹೊಳ್ಳರ ತಲೆಯನ್ನೊಮ್ಮೆ, ಟ್ಯಾಬನ್ನೊಮ್ಮೆ ನೋಡಿ, ಐತಾಳರ ಮನೆಗೆ ಹೋದಳು.

ಈ ಗುಡುಗು ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಪದ್ದುವಿನ ಕಿವಿಗೆ ಬಿತ್ತು. ಎಣ್ಣೆಯಲ್ಲಿ ಎರಡು ಜಾತಿ: ಬಾಣಲೆಗೆ ಹಾಕುವುದು ಒಂದು, ಬಾಯಿಗೆ ಹಾಕುವುದು ಇನ್ನೊಂದು. ಪದ್ದುವಿಗೆ ಹೇಳಲು ರುಚಿಯಾದದ್ದು ಎರಡನೆಯದು. ಅವಳು ಡೈರಿ ಮುಟ್ಟುವಷ್ಟರಲ್ಲಿ ಹೊಳ್ಳರ ಎಣ್ಣೆ ಊರಿಡೀ ಹರಿದಿತ್ತು.

ಹೊಳ್ಳರು ಚಾ ಕುಡಿಯಲು ಕುಷ್ಟನ ಹೋಟೆಲಿಗೆ ಹೋದರೆ, ಅವನು ಕೇಳದೆಯೇ ಲಿಂಬೆ ಹಿಂಡಿದ ಮಜ್ಜಿಗೆ ತಂದಿಟ್ಟ.

"ಕುಡಿನಿ ಹೊಳ್ರೆ, ಇಳಿತ್."

"ಎಂತ ಇಳುದ್?"

"ನಮ್ಮತ್ರ ಎಂತ ನಾಚ್ಕಿ? ತಿಂಗ್ಳಿಗೆ ನಾಕ್ ಲೀಟರ್ ಎಣ್ಣಿ ಅಂಬ್ರಲೆ. ಯಾವ್ ಬ್ರ್ಯಾಂಡ್?"

ತನ್ನ ತಲೆಯೆಣ್ಣೆಯ ಸುದ್ದಿ ಊರಿಗೆ ಮುಟ್ಟಿದ್ದು ಕಂಡು ಹೊಳ್ಳರಿಗೆ ಖುಷಿಯೇ ಆಯಿತು. "ಬ್ರ್ಯಾಂಡ್ ಎಂತಕ್ಕ್ ಮಾರಾಯ? ಅಂಗ್ಡಿದ್ ನಾವ್ ಮುಟ್ಟುದೇ ಇಲ್ಲೆ. ಎಲ್ಲ ಮನೇಲೇ ತೆಗುದ್."

ಕುಷ್ಟ ಮೇಜಿನ ಮೇಲೆ ಬಗ್ಗಿದ. "ಮನೇಲೇ ತೆಗಿತ್ರಾ! ಸುಗುಣಕ್ಕಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಅವ್ಳೂ ಹಾಕ್ತ್ಳ್, ಮಕ್ಳೂ ಹಾಕ್ತೊ. ನಮ್ಮ್ ಅಬ್ಬಿಗಂತೂ ಹಾಕ್ದಿರೆ ನಿದ್ರಿಯೇ ಬತ್ತಿಲ್ಲೆ!"

ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದ ಕೈಗಳೆಲ್ಲ ಹಾಗೇ ನಿಂತವು.

ಸಂಜೆ ಸಭೆಯಲ್ಲಿ ಹೊಳ್ಳರು ಮೊದಲ ಸಾಲಿನಲ್ಲಿ ಕೂತರು. ಅಕ್ಕಪಕ್ಕದವರು ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡು ಒಂದೊಂದು ಕುರ್ಚಿ ಆಚೆ ಸರಿದರು. ಅಧ್ಯಕ್ಷ ಜಿತೇಂದ್ರ ಶೆಟ್ಟರು ಗಂಟಲು ಸರಿಮಾಡಿಕೊಂಡು ಓದಿದರು.

"ಗಣಪಯ್ಯ ಹೊಳ್ರ್. ಬೆಳ್ದದ್ದ್ ನೂರಾ ಎಂಬತ್ತ್, ಬಳ್ಸದ್ದ್ ಇನ್ನೂರಾ ನಲ್ವತ್ತ್. ಅರ್ವತ್ತ್ ಲೀಟರ್ ಕೊರ್ತಿ. ಬ್ರಹ್ಮಾವರ ತಾಲೂಕಿನ್ ಗೆರಿ ಕೆಳ್ಗ್ ಎಳದ್ದ್ ಯಾರ್ ಅಂತ ಈಗ ಗೊತ್ತಾಯ್ತ್! ಗೌರೀಶ್ ಐತಾಳ್ರ್. ಬೆಳ್ದದ್ದ್ ನಲ್ವತ್ತ್, ಬಳ್ಸದ್ದ್ ಸೊನ್ನಿ. ಎಣ್ಣಿ ಮುಟ್ಟದ ಮನ್ಷ! ಗಾಣ ಅವ್ರಿಗೆ."

ಹೊಳ್ಳರು ಸ್ಪ್ರಿಂಗಿನಂತೆ ಎದ್ದರು. "ಸೊನ್ನಿಯಾ? ಅಷ್ಟ್ ಕೂದ್ಲಿಗೆ?"

"ಕೂದ್ಲಿಗಲ್ಲ ಹೊಳ್ರೆ, ತಲೆಗೆ ಅಂದ್ರೆ ಒಬ್ಬೊಬ್ರಿಗೆ," ಎಂದಳು ಅಕ್ಷಯಾ. "ತಲೆಗೆ ಒಂದ್ ಹನಿಯೂ ಇಲ್ಲೆ ಅಂತ ಐತಾಳ್ರೇ ಹೇಳದ್."

ಹೊಳ್ಳರು ತಿರುಗಿ ಐತಾಳರನ್ನು ನೋಡಿದರು. ಸಭೆಯ ನಿಲ್ಲುವ ಫ್ಯಾನು ಆಗಲೇ ಅತ್ತ ತಿರುಗಿತು. ಐತಾಳರ ಕೂದಲು ಹಾರಲಿಲ್ಲ. ಡಬ್ಬಿಯ ಮುಚ್ಚಳದ ಹಾಗೆ, ಇಡೀ ಕೂದಲು ಒಟ್ಟಿಗೆ ಎಡಕ್ಕೆ ಸರಿಯಿತು. ಉಳಿದವರೆಲ್ಲ ಹೊಳ್ಳರನ್ನೇ ನೋಡುತ್ತಿದ್ದುದರಿಂದ ಅದು ಕಂಡದ್ದು ಹೊಳ್ಳರೊಬ್ಬರಿಗೇ.

ಐತಾಳರು ಒಂದು ಕೈಯಲ್ಲಿ ತಲೆಯನ್ನೂ ಇನ್ನೊಂದು ಕೈಯಲ್ಲಿ ಹೊಳ್ಳರನ್ನೂ ಹಿಡಿದು ಹೊರಗೆ ಎಳೆದುಕೊಂಡು ಹೋದರು.

"ಹೊಳ್ರೆ, ಕಾಲ್ ಹಿಡಿತೆ. ಬೊಂಬಾಯಿಂದ ತರ್ಸದ್ ಇದ್. ಆ ಹುಡ್ಗಿ ಒಮ್ಮೆಲೆ ತಲೆಗೆ ಎಷ್ಟ್ ಎಣ್ಣಿ ಅಂತ ಕೇಂಡ್ಳ್, ಗಾಬ್ರಿಲ್ ನಿಜ ಬಾಯಿಂದ ಬಿತ್ತ್. ಇದಕ್ಕೆ ಎಣ್ಣಿ ಹಾಕಿರೆ ಜಾರಿ ಬೀಳುದಿಲ್ದಾ?"

ಹೊಳ್ಳರಿಗೆ ಇಷ್ಟು ವರ್ಷದ ಹೊಟ್ಟೆಯುರಿಗೆ ಒಮ್ಮೆಲೇ ಮಂಜುಗಡ್ಡೆ ಇಟ್ಟಂತಾಯಿತು. "ಈಗ್ಲೇ ಒಳ್ಗ್ ಹೋಯಿ ಫ್ಯಾನ್ ಜೋರ್ ಮಾಡ್ತೆ ಕಾಣಿ!"

"ಬ್ಯಾಡ ಮಾರಾಯ್ರೆ! ಊರೆಲ್ಲ ನಿಮ್ಮನ್ನ್ ಕುಡ್ಕ ಅಂತಿತ್ತ್, ಗೊತ್ತಿತ್ತಾ? ಆ ಹೆಸ್ರ್ ನಾನ್ ತೊಳಿತೆ. ಗಾಣವೂ ನಿಮ್ಗೇ ಬಿಟ್ಟೆ. ಈ ಗುಟ್ಟ್ ಮಾತ್ರ ಯಾರಿಗೂ, ಸುಗುಣಕ್ಕಂಗೂ ಹೇಳುಕಾಗ. ಗುರುನರಸಿಂಹನ ಆಣೆ ಹಾಕಿ."

ಕುಡುಕ ಎಂಬ ಮಾತು ಕೇಳಿ ಹೊಳ್ಳರಿಗೆ ಮಜ್ಜಿಗೆಯ ಗುಟ್ಟು ಆಗ ಹೊಳೆಯಿತು. ಮರ್ಯಾದೆ ಉಳಿಯುತ್ತದೆ, ಗಾಣವೂ ಬರುತ್ತದೆ. ಹಿಂದೆ ಮುಂದೆ ನೋಡದೆ ಆಣೆ ಹಾಕಿಬಿಟ್ಟರು.

ಐತಾಳರು ಒಳಗೆ ಬಂದು ಮೈಕು ಹಿಡಿದರು. "ಹೊಳ್ರ್ ಕುಡುದಲ್ಲ ಮಾರಾಯ್ರೆ! ಅವ್ರ್ ಎಣ್ಣಿ ಹಾಕುದ್ ತಲೆಗೆ. ನನ್ನ್ ಕೂದ್ಲ್ ಕಂಡ್ ಆಸಿ ಪಟ್ರ್. ತಿಂಗ್ಳಿಗೆ ನಾಕ್ ಲೀಟರ್ ತಿಕ್ಕಿ ಅಂತ ನಾನೇ ಹೇಳದ್!"

ಸಭೆ ಚಪ್ಪಾಳೆ ತಟ್ಟಿತು. ಸರಿದಿದ್ದ ಕುರ್ಚಿಗಳು ವಾಪಸು ಬಂದವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಕ್ಷಯಾ. "ಹಾಂಗಾರೆ ನಾಕ್ ಲೀಟರ್ ಸರಿಯೇ! ನಾನೇ ತಪ್ಪ್ ಒತ್ತದ್ನಾ ಅಂತ ಹೆದ್ರಿದಿದ್ದೆ."

"ಅಯ್ಯೋ, ಅದ್ ನನ್ನೊಬ್ಬನ್ ತಲೆಗೆ ಮಾತ್ರ! ಐದ್ ತಲೆಗಲ್ಲ!" ಹೊಳ್ಳರು ಕೂಗಿದರು.

"ಸುಳ್ಳ್ ಹೇಳ್ಬೇಡಿ ಹೊಳ್ರೆ," ಹಿಂದಿನ ಸಾಲಿನಿಂದ ಕುಷ್ಟ ಎದ್ದ. "ಹೆಂಡ್ತಿಯೂ ಹಾಕ್ತ್ಳ್, ಮಕ್ಳೂ ಹಾಕ್ತೊ, ಅಬ್ಬಿಗೆ ಹಾಕ್ದಿರೆ ನಿದ್ರಿ ಬತ್ತಿಲ್ಲೆ ಅಂತ ಬೆಳಿಗ್ಗೆ ನೀವೇ ಹೇಳಿರಿ."

ಐತಾಳರು ಮಾತಿಗೆ ತಪ್ಪಲಿಲ್ಲ. "ನಂಗೆ ಗಾಣ ಬ್ಯಾಡ, ಹೊಳ್ರಿಗೇ ಕೊಡಿ," ಎಂದರು. ಜಿತೇಂದ್ರ ಶೆಟ್ಟರ ಕಣ್ಣು ತುಂಬಿ ಬಂತು.

"ಎಂಥ ದೊಡ್ಡ್ ಮನ್ಸ್ ಐತಾಳ್ರೆ ನಿಮ್ದ್! ಕೊರ್ತಿ ಮನಿಗೆ ಗಾಣ ಕೊಟ್ರೆ ನಮ್ಗೆ ಹಿಂಡಿಯೂ ಉಳುದಿಲ್ಲೆ. ನಿಮ್ಗಲ್ದೆ ಇನ್ಯಾರಿಗೆ?" ಎಂದು ಗಾಣದ ಜೊತೆಗೆ ಒಂದು ಶಾಲನ್ನೂ ಹೊದೆಸಿದರು.

ಹೊಳ್ಳರು ಬಾಯಿ ತೆರೆದರು. ಗುರುನರಸಿಂಹ ನೆನಪಾದ. ಬಾಯಿ ಮುಚ್ಚಿದರು.

ಮನೆಗೆ ಬಂದರೆ, ಗಾಣಕ್ಕೆಂದು ಕಟ್ಟಿಸಿದ ಕಟ್ಟೆಯ ಮೇಲೆ ಮಣೆ ಹಾಕಿ, ಬಿಸಿ ಎಣ್ಣೆಯ ಬೋಗುಣಿ ಹಿಡಿದು ಸುಗುಣಾ ಕಾಯುತ್ತಿದ್ದಳು.

"ಬನ್ನಿ, ಕೂಕಣಿ. ಪದ್ದು ಎಲ್ಲ ಹೇಳ್ಳ್. ಐತಾಳ್ರ ಹಾಂಗೆ ಕೂದ್ಲ್ ಆಯ್ಕ್ ಅಂತ ನಂಗೆ ಗೊತ್ತಿಲ್ದೆ ಕದ್ದ್ ಎಣ್ಣಿ ಹಾಕ್ತಿದ್ರ್ಯಾ? ಹೇಳಿರೆ ನಾನೇ ತಿಕ್ಕುದಿಲ್ದಾ? ಇನ್ನ್ ದಿನಾ ತಿಕ್ತೆ. ತಿಂಗ್ಳಿಗೆ ನಾಕ್ ಲೀಟರ್, ಒಂದ್ ಹನಿ ಕಮ್ಮಿ ಇಲ್ಲೆ."

ಪಾಗಾರದಾಚೆ ಗಾಣ ಇಳಿಸುವ ಸದ್ದು. ಐತಾಳರು ಶಾಲು ಸರಿಮಾಡಿಕೊಂಡು, ಬಾಚಣಿಗೆ ಆಡಿಸುತ್ತ ಇಣುಕಿದರು.

"ಲಾಯ್ಕ್ ಮಾಡಿ ತಿಕ್ಕಿ ಸುಗುಣಕ್ಕ, ಬೇರಿಗೆ ಇಳಿಕ್!"

"ನಿಮ್ಮ್ ಹಾಂಗ್ ಆಯ್ಕ್ ಅಂದ್ರೆ ಪುಣ್ಯ ಬೇಕ್ ಐತಾಳ್ರೆ," ಎಂದು ಸುಗುಣಾ ನಿಟ್ಟುಸಿರಿಟ್ಟು, ಇನ್ನೊಂದು ಬೊಗಸೆ ಸುರಿದಳು.

ಹೊಟ್ಟೆಕಿಚ್ಚಿಗೆ ಬರೆಸಿದ ಸುಳ್ಳು ಲೆಕ್ಕವನ್ನು ಹೊಳ್ಳರ ನೆತ್ತಿ ಅಂದಿನಿಂದ ದಿನಾ ನಿಜ ಮಾಡುತ್ತಿದೆ. ಬ್ರಹ್ಮಾವರದ ಗೆರೆಯೂ ಅಷ್ಟೇ, ಅವರ ಬೋಳುತಲೆಯ ಮೇಲಿನ ಎಣ್ಣೆಯ ಹಾಗೆ, ಎಲ್ಲಿಯೂ ತಡೆಯಿಲ್ಲದೆ ಕೆಳಗಿಳಿಯುತ್ತಲೇ ಇದೆ.