ಬಸಿಗೆ ಅಂಟಿಸಿದ ವಿಷದ ಚೀಟಿ

ನನ್ನ ಕೆಳತುಟಿಯ ಮೂಲೆಯಲ್ಲಿ ನಾಲ್ಕು ನೀರ್ಗುಳ್ಳೆ ಎದ್ದ ದಿನವೇ ಈ ಮನೆಯ ಯಜಮಾನಿಕೆ ನನ್ನ ಕೈ ತಪ್ಪಿತು. (ಮೊದಲು ಕೈಯಲ್ಲಿ ಇತ್ತೇ ಎಂದು ನನ್ನ ಹೆಂಡತಿ ಜರೀನಾ ಕೇಳುತ್ತಾಳೆ. ಆ ವಿಷಯ ಇಲ್ಲಿ ಬೇಡ.)

ರಾಣೆಬೆನ್ನೂರಿನಲ್ಲಿ ನನ್ನದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಎಲೆ ನೋಡಿಯೇ ಬೆಳೆಯ ರೋಗ ಹೇಳುವ ಮಹಾಪಂಡಿತನಾದ ನಾನು ಸ್ವಂತ ತುಟಿಯನ್ನು ಮಾತ್ರ ಡಾಕ್ಟರಿಗೆ ತೋರಿಸಬೇಕಾಯಿತು. ಇದು ಹರ್ಪಿಸ್, ಹತ್ತು ದಿನಕ್ಕೆ ತಾನೇ ಒಣಗುತ್ತದೆ ಎಂದರು. ಆದರೆ ಸಣ್ಣ ಮಕ್ಕಳಿಗೆ ಅಂಟಿದರೆ ಬಾಯಿ ತುಂಬ ಹುಣ್ಣಾಗಿ ನೀರು ಕುಡಿಯುವುದೂ ಕಷ್ಟವಂತೆ. ಗುಳ್ಳೆ ಪೂರ್ತಿ ಮಾಯುವವರೆಗೆ ಮಗುವಿಗೆ ಮುತ್ತು ಕೊಡಬಾರದು, ಎಂಜಲು ತಾಗಿಸಬಾರದು.

ಮಗಳು ಹೀನಾಗೆ ಎರಡೂವರೆ ವರ್ಷ. ದಿನಾ ಮುಂಜಾನೆ ನಾನು ಕಪ್ಪಿನಿಂದ ಬಸಿಗೆ ಚಹಾ ಸುರಿದು, ಒಂದು ಗುಟುಕು ಕುಡಿದು ಕೊಟ್ಟರೇನೇ ಅದರಲ್ಲಿ ಬಿಸ್ಕತ್ತು ಅದ್ದಿ ತಿನ್ನುವವಳು. ಆ ಬಾಯಲ್ಲಿ ನನ್ನಿಂದ ಒಂದು ಹುಣ್ಣಾದರೂ ನಾನು ತಡೆದುಕೊಳ್ಳಲಾರೆ.

ಆಗಲೇ ನನಗೊಂದು ದಿವ್ಯ ಉಪಾಯ ಹೊಳೆಯಿತು. ಕೀಟನಾಶಕದ ಕಪಾಟಿಗೆಂದು ತರಿಸಿದ್ದ, ನೀರಿಗೂ ಜಗ್ಗದ ಕೆಂಪು ಚೀಟಿಗಳ ಹೊಸ ಸುರುಳಿ ಅಂಗಡಿಯಲ್ಲಿತ್ತು. ನಡುವೆ ತಲೆಬುರುಡೆ, ಕೆಳಗೆ ದಪ್ಪಕ್ಷರದಲ್ಲಿ ‘ವಿಷ’. ಅದನ್ನು ಮನೆಗೆ ತಂದು ನನ್ನ ಬಸಿ, ಲೋಟ, ತಾಟು, ಟಾವೆಲ್ಲು, ದಿಂಬು ಎಲ್ಲಕ್ಕೂ ಅಂಟಿಸಿದೆ. ಜರೀನಾ ಚೀಟಿಗಳನ್ನು ಒಂದೊಂದಾಗಿ ನೋಡಿ ನಕ್ಕಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ನಾಲ್ಕನೆಯ ದಿನ ಮುಂಜಾನೆ ಚೀಟಿಯಿದ್ದ ಬಸಿಯಲ್ಲಿ ಚಹಾ ಹೀರುತ್ತಿದ್ದೆ. ಅರ್ಧ ಮುಗಿದಾಗ ತಳದಲ್ಲಿ ಮೊಲದ ಚಿತ್ರ ಕಾಣಿಸಿತು. ಮೊಲದ ಬಸಿ ಹೀನಾಳದು. ತಿರುಗಿ ನೋಡಿದರೆ ಅವಳು ನನ್ನ ಬಸಿಯನ್ನು ಬಾಯಿಗಿಟ್ಟು ಕುಳಿತಿದ್ದಾಳೆ. ಅಪ್ಪನ ವಸ್ತುವಿಗೆಲ್ಲ ಬಣ್ಣದ ಚಿತ್ರ, ತನ್ನದಕ್ಕೆ ಇಲ್ಲ ಎಂಬ ಸಂಕಟಕ್ಕೆ ಚೀಟಿ ಕಿತ್ತು ತನ್ನ ಬಸಿಗೆ ಅಂಟಿಸಿಕೊಂಡಿದ್ದಳು. ಗೊಂಬೆಯ ಹೊಟ್ಟೆಯ ಮೇಲೂ ಒಂದಿತ್ತು.

ಎದ್ದು ಬಸಿ ಕಸಿದುಕೊಂಡೆ. ಅವಳು ಓಣಿಗೆಲ್ಲ ಕೇಳುವಂತೆ ಅಳತೊಡಗಿದಳು. ಜರೀನಾ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಗಾಬರಿ ಆಗಬ್ಯಾಡ್ರಿ. ಅದು ಕುದಿಸಿಟ್ಟ ಬಸಿ, ಇವತ್ತ ನೀವು ಅದನ್ನ ಮುಟ್ಟಿಲ್ಲ. ಮೊದಲನೇ ದಿನದಿಂದ ಎರಡೂ ಹೊತ್ತು ನಿಮ್ಮ ಭಾಂಡೆ ಕುದಿಸಾಕತ್ತೇನಿ.”

“ಮತ್ತ ಚೀಟಿ?”

“ಚೀಟಿ ಓದಾಕ ಬರೋರು ಈ ಮನ್ಯಾಗ ನಾವಿಬ್ಬರ. ನಾನೇನು ನಿಮ್ಮ ಬಸಿ ನೆಕ್ಕಾಕ ಬರ್ತೇನೇನ್ರಿ?”

ಚೀಟಿಗಳನ್ನೆಲ್ಲ ಕಿತ್ತೆ. ಉಳಿದ ಸುರುಳಿ ಎಲ್ಲೋ ಮಾಯವಾಗಿತ್ತು.

ಮುಂದಿನ ದಿನಗಳಲ್ಲಿ ಮಗಳನ್ನು ದೂರದಿಂದಲೇ ನೋಡುತ್ತಿದ್ದೆ. ಅವಳು ಕೈ ಚಾಚಿದಾಗ ಹಿಂದೆ ಸರಿಯಬೇಕಾಗಿ ಬಂದು ಒಮ್ಮೆ ಬಚ್ಚಲಿಗೆ ಹೋಗಿ ಅತ್ತದ್ದೂ ಉಂಟು. ಹನ್ನೊಂದನೆಯ ದಿನ ಡಾಕ್ಟರು ತುಟಿ ಪೂರ್ತಿ ಮಾಯ್ದಿದೆ, ಇನ್ನು ಭಯವಿಲ್ಲ ಎಂದರು. ಓಡಿ ಮನೆಗೆ ಬಂದು ಹೀನಾಳನ್ನು ಎತ್ತಿ ಆರು ಮುತ್ತು ಕೊಟ್ಟೆ. ಅವಳು ತನ್ನ ಅಂಗೈಯನ್ನು ನನ್ನ ಕೆನ್ನೆಗೆ ಗಟ್ಟಿಯಾಗಿ ಒತ್ತಿದಳು. ನನ್ನ ಕಣ್ಣು ತುಂಬಿ ಬಂತು.

ಅದೇ ಸಂತೋಷದಲ್ಲಿ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಜನ ನನ್ನನ್ನು ನೋಡಿ ನಕ್ಕರು. ತಂದೆಯ ಆನಂದ ಮುಖದ ಮೇಲೆ ಎದ್ದು ಕಾಣುತ್ತಿರಬೇಕು ಎಂದುಕೊಂಡು ನಾನೂ ಎಲ್ಲರಿಗೂ ನಕ್ಕೆ. ಅಂಗಡಿಯ ಮುಂದೆ ಮೇಡ್ಲೇರಿಯ ರೈತ ಕರಬಸಪ್ಪ ಕಾಯುತ್ತಿದ್ದ. ನನ್ನ ಕೆನ್ನೆಯ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಓದಿದ.

“ಮುನಾಫಣ್ಣಾ, ನಿಮ್ಮನ್ನ ಔಷಧ ಹೊಡಿಯೋ ಒಂದು ಪಂಪಿಗೆ ಎಷ್ಟು ಮುಚ್ಚಳ ಹಾಕಬೇಕು?”

ಕೆನ್ನೆ ಮುಟ್ಟಿ ನೋಡಿಕೊಂಡೆ. ತಲೆಬುರುಡೆ ಭದ್ರವಾಗಿ ಅಂಟಿತ್ತು. ಸಿಟ್ಟಿನಿಂದ ಮನೆಗೆ ಫೋನ್ ಮಾಡಿ, ನೋಡಿಯೂ ಯಾಕೆ ಹೇಳಲಿಲ್ಲ ಎಂದು ಜರೀನಾಳನ್ನು ಕೇಳಿದೆ.

“ಹುಡುಗಿ ಮೊದಲನೇ ಸಲ ಚೀಟಿ ಸರಿಯಾದ ಡಬ್ಬಿಗೆ ಅಂಟಿಸ್ಯಾಳ,” ಎಂದಳು, “ಯಾಕ ಕೀಳೂದು ಅಂತ ಸುಮ್ಮನಾದೆ.”