ಕಣಗಿಲೆಯ ಕುಡಿ ಮುರಿದವರು

ದೇವರ ಹೆಸರಿನಲ್ಲಿ ಮಾಡಿದ ಕಳ್ಳತನವನ್ನು ಕಳ್ಳತನ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಕಾಂಪೌಂಡಿನೊಳಗೆ ಕೈ ಹಾಕಿದವನು ಚೊಂಬು ಒಯ್ದರೆ ಪೊಲೀಸು, ಹೂ ಒಯ್ದರೆ ಪುಣ್ಯ. ನಾನು ಶಿಕಾರಿಪುರದಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳುವವಳು. ಸೊರಬದ ಕಡೆ ಕುಪ್ಪಗಡ್ಡೆಯ ತವರಿನಿಂದ ಕಡ್ಡಿ ತಂದು ಕಣಗಿಲೆ ನೆಟ್ಟದ್ದು ಪೂಜೆಗಲ್ಲ, ಪಾಠಕ್ಕೆ. ಒಂದೇ ಗಿಣ್ಣಿನ ಸುತ್ತ ಮೂರೆಲೆ ಕೂತಿರುವುದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಅದನ್ನು ಫ್ಯಾನು ಎನ್ನುತ್ತಾರೆ.

ಪಕ್ಕದ ಮನೆಯ ರುದ್ರಪ್ಪನವರದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಮಿಂದು ಬಂದವರೇ ನನ್ನ ಗಿಡಕ್ಕೆ ಕೈ ಹಾಕುತ್ತಿದ್ದರು. ಹೂವಷ್ಟೇ ಕಿತ್ತಿದ್ದರೆ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಇವರು ಎಲೆ ಸಮೇತ ಕುಡಿಯನ್ನೇ ಲಟಕ್ಕನೆ ಮುರಿಯುತ್ತಿದ್ದರು. ನನ್ನ ಗಂಡನಿಗೆ ಹೇಳಿದರೆ, ಶಿವನಿಗೆ ತಾನೆ, ಬಿಡು ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಪ್ರಾಕ್ಟಿಕಲ್ ಇದ್ದ ದಿನ ಗಿಡದ ಹತ್ತಿರ ಹೋದರೆ ಒಂದು ಕುಡಿಯೂ ಇಲ್ಲ. ಕೊನೆಯದು ರುದ್ರಪ್ಪನವರ ಬುಟ್ಟಿಯಲ್ಲಿತ್ತು.

"ಹೂ ಬೇಕು, ಸರಿ. ಕುಡಿ ಯಾಕ್ರೀ ಮುರೀತೀರಿ?" ಎಂದೆ. ಬರೀ ಹೂ ಇಟ್ಟರೆ ಲಿಂಗ ಬೋಳು ಕಾಣುತ್ತದೆ ಎಂದರು. ಗಿಣ್ಣು, ಸುತ್ತೆಲೆ, ಪ್ರಾಕ್ಟಿಕಲ್ ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

"ಮೂರೆಲಿ ಅಂದ್ರೆ ಬಿಲ್ವದ ಹಂಗೇ ಆತಲ್ರೀ ಮೇಡಮ್ಮೋರೆ. ಮತ್ತೂ ಒಳ್ಳೇದಾತು."

ನನ್ನ ತಲೆ ಕೆಟ್ಟಿತು. ಬಿಲ್ವದ್ದು ಮೂರೆಲೆಯಲ್ಲ, ಮೂರಾಗಿ ಸೀಳಿದ ಒಂದೇ ಎಲೆ ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದೆ. ಮರುದಿನದಿಂದ ಅವರು ಬರಲಿಲ್ಲ. ಬೀದಿಯವರೂ ನನ್ನನ್ನು ಕಂಡರೆ ಸ್ವಲ್ಪ ಸರಿದು ನಡೆದರು.

ಮಳೆ ಬಿದ್ದ ಮೇಲೆ ನೋಡಿದರೆ, ಮುರಿದ ಕಡೆಯೆಲ್ಲ ಒಂದು ಕುಡಿಯ ಜಾಗದಲ್ಲಿ ಮೂರು. ಪ್ರತಿ ಎಲೆಯ ಕಂಕುಳಲ್ಲೂ ಮೊಗ್ಗಿರುತ್ತದೆ, ತುದಿ ಮುರಿದರೆ ಅದು ಚಿಗುರುತ್ತದೆ ಎಂದು ವರ್ಷವರ್ಷವೂ ಬಾಯಿಪಾಠ ಮಾಡಿಸುವವಳೇ ನಾನು. ಗಿಡ ಹೂವಿನ ಭಾರಕ್ಕೆ ಬಾಗಿತ್ತು. ಕೀಳುವವರಿಲ್ಲದೆ ಅಂಗಳವೆಲ್ಲ ಹೂ. ಗುಡಿಸಿ ಗುಡಿಸಿ ಸಾಕಾಗಿ, ಸಿಟ್ಟು ನುಂಗಿಕೊಂಡು, ಒಂದು ಬುಟ್ಟಿ ಕುಡಿಗಳನ್ನು ನಾನೇ ಮುರಿದು ರುದ್ರಪ್ಪನವರ ಬಾಗಿಲಿಗೆ ಹೋದೆ. ಅವರ ಹೆಂಡತಿ ಸಂಕೋಚದಿಂದ ನಕ್ಕು, ಅವರೀಗ ಹಿಂದಿನ ಬೀದಿಯ ಮನೆಯಿಂದ ಹೂ ತರುತ್ತಾರೆ, ಅಲ್ಲಿ ಯಾರೂ ಪಾಠ ಮಾಡುವುದಿಲ್ಲವಂತೆ ಎಂದರು.

ಬುಟ್ಟಿ ಹಿಡಿದು ವಾಪಸು ಬರುವಾಗ ಹಿಂದಿನ ಬೀದಿಗೆ ಸುತ್ತು ಹಾಕಿ ಆ ಮನೆಯ ಗಿಡವನ್ನೂ ನೋಡಿ ಬಂದೆ. ದಾಸವಾಳ. ಗಿಣ್ಣಿಗೆ ಒಂದೇ ಎಲೆ. ಹೋಗಿ ಹೋಗಿ ಅದಕ್ಕೆ ನನ್ನ ಗಿಡ ಬಿಟ್ಟರಲ್ಲ ಎಂದು ನನಗೆ ಇವತ್ತಿಗೂ ಮೈ ಉರಿಯುತ್ತದೆ.