ಲಡಾಖಿನ ಜೀಪು, ಕಿಸೆಯ ಲಿಂಬೆಹಣ್ಣು

ಲಡಾಖಿನ ದಾರಿ ರತನನಿಗೆ ಬಾಯಿಪಾಠವಾಗಿತ್ತು. ಯಾವ ಊರು ದಾಟಿದ ಮೇಲೆ ಪೆಟ್ರೋಲ್ ಬಂಕ್ ಸಿಗುವುದಿಲ್ಲ, ಯಾವ ಹಳ್ಳವನ್ನು ಬೆಳಿಗ್ಗೆಯೇ ದಾಟಬೇಕು (ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ), ಎಷ್ಟು ಎತ್ತರಕ್ಕೆ ಎಷ್ಟು ಆಮ್ಲಜನಕ ಕಡಿಮೆಯಾಗುತ್ತದೆ ಎಂಬುದನ್ನೆಲ್ಲ ಅವನು ಮದುವೆ ಊಟದ ಪಂಕ್ತಿಯಲ್ಲಿ ಕೂತು ವಿವರಿಸುವಾಗ ಅಕ್ಕಪಕ್ಕದವರು ಅನ್ನ ಕಲಸುವುದನ್ನೇ ಮರೆಯುತ್ತಿದ್ದರು. ಇಷ್ಟು ಬಲ್ಲವನು ಹೋಗಿ ಬಂದವನೇ ಇರಬೇಕೆಂದು ಅವರ ಲೆಕ್ಕ. ಹೋಗಿದ್ದೇನೆಂದು ಅವನು ಒಂದು ಸಲವೂ ಹೇಳಿರಲಿಲ್ಲ. ಹೋಗಿಲ್ಲವೆಂದೂ ಹೇಳಿರಲಿಲ್ಲ. ವಿಜ್ಞಾನ ಓದಿದವನು, ಸುಳ್ಳು ಹೇಳುವವನಲ್ಲ.

ನಿಜ ಏನೆಂದರೆ, ತಲ್ಲೂರಿನ ಈ ರತನ್ ಜೀವಮಾನದಲ್ಲಿ ಘಟ್ಟ ಹತ್ತಿದ್ದು ಒಂದೇ ಸಲ. ಶಾಲೆಯ ಪ್ರವಾಸ, ಆಗುಂಬೆ, ಬಸ್ಸಿನ ಹಿಂದಿನ ಸೀಟು. ನಾಲ್ಕಾರು ತಿರುವು ಕಳೆಯುವುದರೊಳಗೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರತೊಡಗಿತು. ಮೇಲೆ ತಲುಪಿ ಎಲ್ಲರೂ ಮುಳುಗುವ ಸೂರ್ಯನನ್ನು ನೋಡುವಾಗ ಅವನು ತನ್ನ ಎರಡು ಚಪ್ಪಲಿಗಳ ನಡುವಿನ ನೆಲವನ್ನು ನೋಡುತ್ತಿದ್ದ. ಅದಕ್ಕೂ ಮೊದಲು ಅಪ್ಪ ಅವನನ್ನು ದೋಣಿಯಲ್ಲಿ ಕಡಲಿಗೆ ಕರೆದೊಯ್ದಾಗ ಆದದ್ದೂ ಇದೇ. ಮೀನುಗಾರರ ಮನೆಯ ಹುಡುಗ ದೋಣಿಗೆ ಆಗದವನು ಎಂಬ ಸುದ್ದಿ ಬಂದರಿನಲ್ಲೆಲ್ಲ ಹರಡಿತ್ತು. ಮುಂದೆ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಅದೇ ಬಂದರಿನ ಬುಡದಲ್ಲಿ ಐಸ್ ಪ್ಲಾಂಟ್ ಹಾಕಿ, ಕಡಲಿಗೆ ಹೋಗುವವರಿಗೆಲ್ಲ ಐಸ್ ಒದಗಿಸಿ ಅವನು ಮಾನ ಉಳಿಸಿಕೊಂಡಿದ್ದ. ಆದರೆ ಘಟ್ಟಕ್ಕೂ ಆಗದವನು ಎಂಬುದು ಮಾತ್ರ ಹೊರಗೆ ಬಿದ್ದಿರಲಿಲ್ಲ. ಕಡಲಿಗೂ ಘಟ್ಟಕ್ಕೂ ನಡುವೆ ಒಂದು ಚಪ್ಪಟೆ ಪಟ್ಟಿಯನ್ನು ದೇವರು ತನಗೋಸ್ಕರವೇ ಉಳಿಸಿದ್ದಾನೆಂದು ನಂಬಿ ಅವನು ಅದರ ಮೇಲೆಯೇ ಬದುಕಿದ್ದ.

ಹೆಂಡತಿ ವಿನಯಾ ಶೃಂಗೇರಿ ಎಂದರೆ ಪ್ಲಾಂಟಿನ ಕಂಪ್ರೆಸರ್ ಕೆಡುತ್ತಿತ್ತು. ಜೋಗ ಎಂದರೂ ಕಂಪ್ರೆಸರ್ ಕೆಡುತ್ತಿತ್ತು. ಅವಳ ಚಿಕ್ಕಮ್ಮನ ಮಗಳ ಮದುವೆ ತೀರ್ಥಹಳ್ಳಿಯಲ್ಲಿ ಎಂದಾದಾಗ ಕಂಪ್ರೆಸರಿನ ಜೊತೆಗೆ ಅಮೋನಿಯಾ ಸೋರಿಕೆಯೂ ಆಗಿ, ಗಂಡನನ್ನು ಆ ಸ್ಥಿತಿಯಲ್ಲಿ ಬಿಟ್ಟುಹೋಗಲು ಮನಸ್ಸಾಗದೆ ಅವಳೂ ಉಳಿದಿದ್ದಳು. ಇಷ್ಟು ಕೆಟ್ಟರೂ ಆ ಪ್ಲಾಂಟಿನಿಂದ ಒಂದು ದೋಣಿಯೂ ಐಸ್ ಇಲ್ಲದೆ ಮರಳಿದ್ದಿಲ್ಲ ಎಂಬುದನ್ನು ಅವಳು ಗಮನಿಸಿಲ್ಲವೆಂದು ರತನ್ ತಿಳಿದಿದ್ದ.

ಹೀಗಿರುವಾಗ ಏಪ್ರಿಲಿನ ಒಂದು ಸಂಜೆ, ಮದುವೆ ಊಟ ಮುಗಿಸಿ ಬರುವಾಗ, ವಿನಯಾ ಕಾರಿನಲ್ಲಿ ಬಾಂಬು ಹಾಕಿದಳು. ಮಳೆಗಾಲದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರು ಬಂದ್, ಪ್ಲಾಂಟ್ ಬಂದ್. ಲಡಾಖಿಗೆ ಹೋಗಲು ಜೂನ್ ಜುಲೈಯೇ ಪ್ರಶಸ್ತ ಎಂದು ಅವನೇ ಈಗಷ್ಟೇ ಪಂಕ್ತಿಯಲ್ಲಿ ಹೇಳಿದ್ದಾನೆ. ಮಗಳು ತೃಷಾ ಹಾಸ್ಟೆಲಿನಲ್ಲಿದ್ದಾಳೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ನಂಟರಿಲ್ಲದೆ ಒಂದು ಸಲವೂ ಎಲ್ಲಿಗೂ ಹೋದದ್ದಿಲ್ಲ.

"ಹೋಪ," ಎಂದಳು. "ನಾವ್ ಇಬ್ರೇ."

ರತನ್ ತಡಕಾಡಿದ. ಆ ಎರಡು ತಿಂಗಳು ಕಂಪ್ರೆಸರ್ ಓಡುವುದೇ ಇಲ್ಲ. ಕಡೆಗೆ ಲಡಾಖಿಗೆ ತಮ್ಮ ಸಣ್ಣ ಕಾರು ಸಾಲದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಬರುವ ಗಾಡಿಯೇ ಬೇಕು, ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ ಎಂದು ಹೇಳಿ ಉಸಿರು ಬಿಟ್ಟ.

"ಹೊಸ್ದ್ ಯಾರ್ ಕೇಂಡಿರ್? ಹಳ್ದ್ ಕಾಂಬ," ಎಂದಳು ವಿನಯಾ.

ಮನೆಯಲ್ಲಿ ತಾಯಿ ಅಪ್ಪಿಯಿಂದಲಾದರೂ ಅಡ್ಡಿ ಬಂದೀತೆಂದು ಅವನಿಗೆ ಆಸೆಯಿತ್ತು. ಅಪ್ಪಿ ಹರೆಯದಲ್ಲಿ ಒಣಮೀನಿನ ಮೂಟೆಯ ಮೇಲೆ ಕೂತು, ಬಾಯಿತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ಟೆಂಪೋದಲ್ಲಿ ಘಟ್ಟದ ಮೇಲಿನ ಸಂತೆಗಳನ್ನೆಲ್ಲ ಸುತ್ತಿದವಳು. ಅವಳು ಸುದ್ದಿ ಕೇಳಿ, "ಐಸ್ ಕಾಂಬುಕೆ ಅಷ್ಟ್ ದೂರ ಎಂತಕ್ ಮಗಾ? ನಮ್ ಪ್ಲಾಂಟಂಗೆ ಇಲ್ಯಾ?" ಎಂದಳೇ ಹೊರತು ಬೇಡ ಎನ್ನಲಿಲ್ಲ. ತಾನಂತೂ ಬರುವುದಿಲ್ಲ, ನೀವಿಬ್ಬರೇ ಹೋಗಿ ಬನ್ನಿ ಎಂದು ಆಶೀರ್ವಾದವನ್ನೂ ಮಾಡಿಬಿಟ್ಟಳು.

ಉಳಿದದ್ದು ಒಂದೇ ದಾರಿ. ಸಿಕ್ಕ ಗಾಡಿಯಲ್ಲೆಲ್ಲ ದೋಷ ಹುಡುಕುವುದು. ಈ ವಿದ್ಯೆಯಲ್ಲಿ ರತನ್ ನಿಜಕ್ಕೂ ಗಟ್ಟಿಗ. ಒಂದು ಆಯಸ್ಕಾಂತ, ಒಂದು ಟಾರ್ಚು, ಕೆಳಗೆ ಹಾಸಿ ಮಲಗಲು ಒಂದು ಗೋಣಿಚೀಲ ಹಿಡಿದು ಹೊರಟ.

ಮೊದಲನೆಯದು ಬ್ರಹ್ಮಾವರದಲ್ಲಿ, ವಿನಯಾಳ ತವರಿನ ಪಕ್ಕದ ಸುಜನ್ ಎಂಬವನ ಗಾಡಿ. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರತನ್ ಆಯಸ್ಕಾಂತವನ್ನು ಎಡಬಾಗಿಲಿಗೆ ಹಿಡಿದ. ಅದು ಕಚ್ಚದೆ ಕೆಳಗೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಇದ್ದದ್ದು ತೂತು ಮುಚ್ಚಲು ಮೆತ್ತಿ ಬಣ್ಣ ಬಳಿದ ಪುಟ್ಟಿ. ವಿನಯಾ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. ಅವನಿಗೂ ಖುಷಿಯಾಯಿತು. ಪ್ರಾಮಾಣಿಕವಾಗಿಯೇ ತಪ್ಪಿಸಿಕೊಳ್ಳಬಹುದಾದರೆ ಯಾರಿಗೆ ಬೇಡ.

ಎರಡನೆಯದು ಬೈಂದೂರಿನ ಹತ್ತಿರ ಯಡ್ತರೆಯ ಕೊರಗಣ್ಣನದು. ಕೊರಗಣ್ಣ ಅದನ್ನು ದೋಣಿ ಎಳೆಯಲು ಮರಳಿಗೆ ಇಳಿಸಿದ್ದಿರಬೇಕು ಎಂದು ಲೆಕ್ಕ ಹಾಕಿ ರತನ್ ಗೋಣಿ ಹಾಸಿ ಅಡಿಗೆ ನುಗ್ಗಿದ. ಉಪ್ಪುಗಾಳಿ ತಿಂದ ಚಾಸಿ ಸಿಕ್ಕೀತೆಂದು ಅರ್ಧ ಗಂಟೆ ಟಾರ್ಚು ಬಿಟ್ಟ. ತುಕ್ಕಿನ ಒಂದು ಚುಕ್ಕೆಯೂ ಕಾಣಲಿಲ್ಲ. ಎದ್ದು ಬಂದು, ನಾಲ್ಕು ಟಯರುಗಳಿಗಿಂತ ಸ್ಟೆಪ್ನಿ ಹಳೆಯದು, ಅಷ್ಟು ಎತ್ತರದಲ್ಲಿ ಅದನ್ನು ನಂಬಿ ಹೋಗುವುದು ಶಾಸ್ತ್ರಸಮ್ಮತವಲ್ಲ ಎಂದು ತೀರ್ಪು ಕೊಟ್ಟ. ಸ್ಟೆಪ್ನಿ ಬದಲಿಸಿ ಕೊಡುತ್ತೇನೆಂದ ಕೊರಗಣ್ಣ. ಹಾರ್ನಿನ ಧ್ವನಿ ತುಸು ಜೋರಾಯಿತು, ಹಿಮ ಕುಸಿದೀತು ಎಂದ ರತನ್. ಕೊರಗಣ್ಣ ವಿನಯಾಳ ಮುಖ ನೋಡಿದ. ವಿನಯಾ ದೂರದ ತೆಂಗಿನ ಮರ ನೋಡಿದಳು.

ಮೂರನೆಯದು ಕೊಲ್ಲೂರಿನಲ್ಲಿ. ಸೂರಣ್ಣನ ಬಳಿ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪುಗಳ ಜೊತೆಗೆ, ಮನೆಬಳಕೆಗೆಂದು ಇಟ್ಟುಕೊಂಡ ಒಂದು ಜೀಪೂ ಇತ್ತು. ಬರುವಾಗ ಅದರಲ್ಲೇ ಬರೋಣ ಎಂದು ವಿನಯಾ ಹಟ ಹಿಡಿದದ್ದರಿಂದ ಇಬ್ಬರೂ ಬಸ್ಸಿನಲ್ಲಿ ಹೋದರು. ಹೊರಡುವ ಮುಂಚೆ ರತನ್, ಯಾರಿಗೂ ಕಾಣದಂತೆ, ಪ್ಯಾಂಟಿನ ಬಲಗಿಸೆಗೆ ಒಂದು ಲಿಂಬೆಹಣ್ಣು, ಶುಂಠಿ ಪೆಪ್ಪರ್‌ಮಿಂಟು, ಎಡಗಿಸೆಗೆ ಮಡಚಿದ ಕೆಲವು ಪ್ಲಾಸ್ಟಿಕ್ ಕವರುಗಳನ್ನು ಸೇರಿಸಿಕೊಂಡ.

ಆ ಜೀಪಿನಲ್ಲಿ ದೋಷವೇ ಸಿಗಲಿಲ್ಲ. ಆಯಸ್ಕಾಂತ ಎಲ್ಲಿ ಇಟ್ಟರೂ ಕಚ್ಚಿತು. ಹೊಗೆ ಬೆಳ್ಳಗೂ ಇಲ್ಲ, ಕಪ್ಪಗೂ ಇಲ್ಲ. ನಾಲ್ಕು ಚಕ್ರದ ಚಿಕ್ಕ ಗೇರು ಬೆಣ್ಣೆಯಲ್ಲಿ ಕತ್ತಿ ಇಳಿದ ಹಾಗೆ ಬಿತ್ತು. ಸ್ಟೆಪ್ನಿಯೂ ಹೊಸತು. ಹಾರ್ನ್ ಒತ್ತಿದರೆ ಅದು ಹೆದರಿದ ಆಡಿನಂತೆ ಮೆಲ್ಲಗೆ ಅರಚಿತು. ಹಿಮ ಕುಸಿಯುವ ಮಾತೇ ಇಲ್ಲ.

"ಚಪ್ಪಟೆ ರಸ್ತೆಯಂಗೆ ಎಂತ ಗೊತ್ತಾತ್ತ್?" ಎಂದ ಸೂರಣ್ಣ. "ನಾಗೋಡಿ ಗಟ್ಟ ಹತ್ಸಿ ಕಾಣಿ."

ಹಾಗಾದರೆ ನೀವೇ ಓಡಿಸಿ ಎಂದು ರತನ್ ಹೇಳುವ ಮೊದಲೇ ವಿನಯಾ ಕೀಲಿಯನ್ನು ಸೂರಣ್ಣನಿಂದ ತೆಗೆದು ಗಂಡನ ಕೈಗೆ ಹಾಕಿದ್ದಳು. "ಕೊಂಬವ್ರ್ ನೀವಲ್ದಾ? ನೀವೇ ಬಿಡಿ."

ಸೂರಣ್ಣ ಹಿಂದೆ ಹತ್ತಿ ಕವಳ ಹಾಕಿದ. ವಿನಯಾ ಮುಂದೆ ಕೂತಳು. ರತನ್ ಸ್ಟೇರಿಂಗ್ ಹಿಡಿದು, ಮಾನ ಹೋಗುವುದಾದರೆ ಹೋಗಲಿ, ಗಾಡಿ ಹೊಂಡಕ್ಕೆ ಹೋಗದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಮೂಕಾಂಬಿಕೆಗೆ ಕೈಮುಗಿದು ಹೊರಟ.

ಮೊದಲ ತಿರುವು ಬಂತು. ಹೊಟ್ಟೆಯನ್ನು ಬಿಗಿಹಿಡಿದ. ಏನೂ ಆಗಲಿಲ್ಲ. ಎರಡನೆಯದು ಬಂತು, ಹೋಯಿತು. ಗಾಡಿ ಏರುತ್ತಲೇ ಇತ್ತು, ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಒಂದು ದೊಡ್ಡ ತಿರುವಿನಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ತನಗೆ ಆಗದಿದ್ದದ್ದು ಎತ್ತರವಲ್ಲ, ಹಿಂದಿನ ಸೀಟು. ಓಡಿಸುವವನ ಕೈಗೆ ತಿರುವು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಹೊಟ್ಟೆಗೆ ಅದು ಹೊಸ ಸುದ್ದಿಯಾಗುವುದಿಲ್ಲ. ಲೋಕದ ಗಾಡಿಗಳನ್ನೆಲ್ಲ ಪರೀಕ್ಷೆ ಮಾಡಿದವನು ಘಟ್ಟ ತನಗಾಗದು ಎಂಬ ಒಂದು ಸಿದ್ಧಾಂತವನ್ನು ಇಷ್ಟು ವರ್ಷ ಪರೀಕ್ಷಿಸದೆ ಹಾಗೇ ನಂಬಿಕೊಂಡಿದ್ದ. ಎದೆಯ ಮೇಲಿನ ಕಲ್ಲು ಜಾರಿತು. ಕಣಿವೆಯ ಹಸಿರು ಮೊದಲ ಸಲ ಕಣ್ಣಿಗೆ ಬಿತ್ತು. ಲಡಾಖೇನು, ಅದರಾಚೆಗೂ ಹೋಗಬಹುದು. ಇದನ್ನು ಹೇಗೆ ಹೇಳಲಿ ಎಂದು ಅವನು ನಗುತ್ತ ಹೆಂಡತಿಯ ಕಡೆ ತಿರುಗಿದ.

ವಿನಯಾಳ ಮುಖ ಹಸಿ ಬಾಳೆಕಾಯಿಯ ಬಣ್ಣಕ್ಕೆ ತಿರುಗಿತ್ತು. "ನಿಲ್ಸಿ," ಎಂದಳು.

ನಿಲ್ಲಿಸಿದ. ಯೋಚಿಸಲು ಪುರುಸೊತ್ತಿಲ್ಲದೆ ಎಡಗಿಸೆಯಿಂದ ಕವರು ತೆಗೆದು ಅವಳ ಕೈಗಿಟ್ಟ, ಬೆನ್ನು ಸವರಿದ, ಲಿಂಬೆಹಣ್ಣು ಕೊರೆದು ಮೂಗಿಗೆ ಹಿಡಿದ. ಸೂರಣ್ಣ ಮರ್ಯಾದೆಯಿಂದ ಕಾಡಿನ ಕಡೆ ನೋಡುತ್ತ ಕೂತ. ಆಮೇಲೆ ರತನನಿಗೆ ಅರಿವಾಯಿತು: ಗುಟ್ಟಿನ ಸಾಮಾನೆಲ್ಲ ಈಗ ಹೆಂಡತಿಯ ಮಡಿಲಲ್ಲಿದೆ. ಇದನ್ನೆಲ್ಲ ಯಾಕೆ ತಂದಿರಿ ಎಂದು ಅವಳು ಕೇಳುತ್ತಾಳೆ.

ವಿನಯಾ ಕೇಳಲಿಲ್ಲ. ಕೈ ಚಾಚಿದಳು. "ಇನ್ನೊಂದ್ ಕೊಡಿ. ಎಡ್ದ್ ಕಿಸಿಯಂಗೆ ಇನ್ನೂ ಇತ್ತಲೆ."

"ನಿಂಗೆ ಹೆಂಗ್ ಗೊತ್ತ್?"

"ಕಿಸಿ ಉಬ್ಬಿದ್ದ್ ಕಾಣ್ತಿತ್ತಲೆ. ನಿಮ್ಗೆ ಗಟ್ಟ ಆತಿಲ್ಲೆ ಅಂದೇಳಿ ಅತ್ತೆ ಹೇಳಿರ್. ಮದಿ ಆದ್ ತಿಂಗ್ಳಂಗೇ."

ರತನ್ ಲಿಂಬೆಹಣ್ಣನ್ನು ತನ್ನ ಮೂಗಿಗೇ ಹಿಡಿದುಕೊಂಡ. "ಮತ್ತೆ ಇಷ್ಟ್ ವರ್ಷ ಎಂತಕ್ ಹೇಳ್ಲಿಲ್ಲ?"

"ನೀವೇ ಹೇಳ್ತ್ರಿ ಅಂದೇಳಿ ಕಾದೆ. ನೀವ್ ಕಂಪ್ರೆಸರ್ ಹೇಳ್ತಾ ಬಂದ್ರಿ." ಅವಳು ಬಾಯಿ ಒರೆಸಿಕೊಂಡಳು. ಗಾಡಿ ಬಿಡುವವರಿಗೆ ತಲೆ ತಿರುಗುವುದಿಲ್ಲ ಎಂದು ಎಲ್ಲೋ ಓದಿದ ಮೇಲೆಯೇ ಅವಳು ಈ ಲಡಾಖ್ ಹೊರಡಿಸಿದ್ದು, ಅವನಿಗೆ ಕೀಲಿ ಕೊಟ್ಟದ್ದು. ತವರಿನಲ್ಲಿದ್ದಾಗಲೂ ಘಟ್ಟ ಹತ್ತದ ಅವಳು ಒಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ನಂಗೂ ಹಿಂಗಾತ್ತ್ ಅಂದೇಳಿ ನಂಗೆ ಹೆಂಗ್ ಗೊತ್ತಾಪುದ್? ನೀವ್ ಒಂದ್ ಸಲ ಆರೂ ಗಟ್ಟ ಹತ್ಸಿದ್ರಿಯಾ?"

ಇಪ್ಪತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಂದೇ ಸಲ ಹೊರಗೆ ಬಂದಂತಾಗಿ ರತನ್ ನಗತೊಡಗಿದ. ವಿನಯಾಳೂ, ಒಂದು ಕೈಯಲ್ಲಿ ಕವರು ಹಿಡಿದುಕೊಂಡೇ, ನಕ್ಕಳು.

ಇಳಿಯುವಾಗ ಸ್ಟೇರಿಂಗ್ ವಿನಯಾಳ ಕೈಗೆ ಬಂತು. ಅವಳು ಹೂವಿನ ಹಾಗೆ ಓಡಿಸಿದಳು, ಬಣ್ಣವೂ ಮರಳಿತು. ಪಕ್ಕದ ಸೀಟಿನಲ್ಲಿ ರತನ್ ಮೊದಲು ಮಾತು ನಿಲ್ಲಿಸಿದ, ಆಮೇಲೆ ಕಿಟಕಿಯ ಗಾಜು ಇಳಿಸಿದ.

"ಎಂತ, ಕಂಪ್ರೆಸರಾ?" ಎಂದಳು ವಿನಯಾ.

ಅವನು ತಲೆಯಾಡಿಸಿ, ಕವರಿಗಾಗಿ ಕೈ ಚಾಚಿದ. ಯಾರಿಂದಲೂ ಮುಚ್ಚಿಡದೆ, ಹಾಡಹಗಲಲ್ಲಿ, ಹೆಂಡತಿಯ ಎದುರಿಗೇ ವಾಂತಿ ಮಾಡುವುದರಲ್ಲಿ ಎಂಥ ನೆಮ್ಮದಿಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸೂರಣ್ಣ ಕವಳ ಉಗಿದು ಕೇಳಿದ. "ಹ್ವಾಯ್, ಗಾಡಿಯಂಗೆ ದೋಷ ಎಂತದೂ ಇಲ್ಲೆ ಅಲ್ದಾ?"

"ಗಾಡಿಯಂಗೆ ಇಲ್ಲೆ," ಎಂದ ರತನ್.

"ಎರಡ್ ಸ್ಟೇರಿಂಗ್ ಇಪ್ಪುದ್ ನನ್ ಹತ್ರ ಇಲ್ಲೆ ಮಾರಾಯ್ರೆ. ಇದನ್ನೇ ತಕಣಿ."

ತೆಗೆದುಕೊಂಡರು. ಹತ್ತುವಾಗ ಒಬ್ಬರು, ಇಳಿಯುವಾಗ ಒಬ್ಬರು, ಕಷ್ಟ ಸಮಪಾಲು ಎಂದು ತಲ್ಲೂರಿನ ದಾರಿಯಲ್ಲಿ ಒಪ್ಪಂದವಾಯಿತು. ಲಡಾಖ್ ಖಾತ್ರಿಯಾಯಿತು, ಇಬ್ಬರೇ ಹೋಗುವುದೂ ಖಾತ್ರಿಯಾಯಿತು. ರತನ್ ಶಿಳ್ಳೆ ಹಾಕುತ್ತ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿದ.

ಅಪ್ಪಿ ಜಗಲಿಯಿಂದ ಇಳಿದು ಬಂದಳು. ಜೀಪಿನ ಕಡೆ ನೋಡಲೇ ಇಲ್ಲ. ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಮುಂದಿನ ಸೀಟಿನ ಮೇಲಿದ್ದ ಹಿಂಡಿದ ಲಿಂಬೆಹಣ್ಣನ್ನೂ ನೋಡಿದಳು.

"ಇಬ್ರಿಗೂವಾ?"

ಇಬ್ಬರೂ ತಲೆಯಾಡಿಸಿದರು.

"ಹಂಗಾರೆ ಕವರ್ ಹಿಡೂಕೆ ಒಂದ್ ಜನ ಬೇಕಲೆ," ಎಂದು ಅಪ್ಪಿ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ, ಮೆತ್ತಗಿದೆಯೇ ಎಂದು ನೋಡಿದಳು. "ನಾನೂ ಬತ್ತೆ."

ವಿನಯಾ ಗಂಡನನ್ನು ನೋಡಿದಳು. ಏನಾದರೂ ಹೇಳಿ ಎಂಬ ನೋಟ ಅದು. ರತನ್ ಗಂಟಲು ಸರಿಮಾಡಿಕೊಂಡ. ಜೀವಮಾನದಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ ನೆಪ. ಆ ಎರಡು ತಿಂಗಳಲ್ಲಿ ಮನೆಯಲ್ಲಿ ಒಬ್ಬರಾದರೂ ಇದ್ದರೆ ಒಳ್ಳೆಯದು, ಪ್ಲಾಂಟಿನಲ್ಲಿ ಅಕಸ್ಮಾತ್ ಕಂಪ್ರೆಸರ್ ಏನಾದರೂ ಎಂದು ಶುರುಮಾಡಿದ.

ಅಪ್ಪಿ ಆಗಲೇ ಹತ್ತಿ ಕೂತಿದ್ದಳು. ಕವಳದ ಚೀಲ ಬಿಚ್ಚುತ್ತ ಹೇಳಿದಳು:

"ಬಂದ್ ಆದ್ ಪ್ಲಾಂಟಂಗೆ ಕಂಪ್ರೆಸರ್ ಹೆಂಗ್ ಹಾಳಾತ್ತ್ ಮಗಾ?"